ಒಬ್ಬಳಿಗೆ ಮಾತ್ರ ಖೀರು

ಆ ಮನೆಗೆ ಬರುತ್ತಿದ್ದ ಪತ್ರಿಕೆಯಲ್ಲಿ ಕಿಟಕಿಗಳಿರುತ್ತಿದ್ದವು. ಬೆಳಗ್ಗೆ ಆಂಟಿ ಮೊದಲು ಓದುತ್ತಿದ್ದರು. ಓದುತ್ತಾ ಓದುತ್ತಾ ಕೊಲೆ, ಅಪಘಾತ, ಹೆಣ್ಣುಮಕ್ಕಳಿಗೆ ಆದ ಅನಾಹುತ, ಇಂಥ ಸುದ್ದಿಗಳನ್ನೆಲ್ಲ ಹೊಲಿಗೆ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆಯುತ್ತಿದ್ದರು. ಆಮೇಲೆ ಪತ್ರಿಕೆ ನಮ್ಮ ಊಟದ ಮೇಜಿಗೆ ಬರುತ್ತಿತ್ತು. ಬಿಡಿಸಿ ಹಿಡಿದರೆ ಆ ಚೌಕಗಳಲ್ಲಿ ಎದುರು ಕೂತವಳ ಮೂಗೋ ಕಣ್ಣೋ ಕಾಣುತ್ತಿತ್ತು. ಮೊದಮೊದಲು ನಗು ಬರುತ್ತಿತ್ತು. ಸ್ವಲ್ಪ ದಿನದ ಮೇಲೆ ಹಾಗೆಯೇ ಓದುವುದು ಅಭ್ಯಾಸವಾಯಿತು. ಕತ್ತರಿಸಿದ ಸುದ್ದಿಯ ಬೆನ್ನಿಗೆ ಇನ್ನೇನೋ ಅಚ್ಚಾಗಿರುತ್ತದೆ, ಅದೂ ಹೋಗುತ್ತದೆ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ನೋಯ್ಡಾದ ಕಂಪನಿಯೊಂದರಲ್ಲಿ ಮೊದಲ ಕೆಲಸ. ನೋಯ್ಡಾದಲ್ಲಿ ಒಂಟಿ ಹುಡುಗಿ ಇರುವುದು ಬೇಡ ಎಂದು ಅಪ್ಪ ಹಟ ಹಿಡಿದರು. ಅವರು ತುಮಕೂರಿನಲ್ಲಿ ಬ್ಯಾಂಕ್ ಗುಮಾಸ್ತರು. ಸಹೋದ್ಯೋಗಿಯೊಬ್ಬರು ಹೇಳಿದ ಜನಕಪುರಿಯ ಈ ಪೇಯಿಂಗ್ ಗೆಸ್ಟ್ ಮನೆಗೆ ತಾವೇ ಬಂದು ಬಿಟ್ಟು ಹೋದರು. ಹೀಗಾಗಿ ನಾನು ದಿನಾ ಬೆಳಗ್ಗೆ ಚಾರ್ಟರ್ಡ್ ಬಸ್ಸಿನಲ್ಲಿ ದೆಹಲಿಯನ್ನು ಈ ತುದಿಯಿಂದ ಆ ತುದಿಗೆ ದಾಟಬೇಕಿತ್ತು.

ಮನೆಯ ಒಡತಿಯನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ಪಂಜಾಬಿನವರು, ಶಾಲೆಯೊಂದರ ಉಪಪ್ರಾಂಶುಪಾಲೆಯಾಗಿ ನಿವೃತ್ತರಾದವರು, ವಿಧವೆ. ಕೆಳಗಿನ ಅಂತಸ್ತಿನಲ್ಲಿ ಅವರು, ಮೇಲಿನ ಎರಡರಲ್ಲಿ ಹತ್ತು ಹನ್ನೆರಡು ಹುಡುಗಿಯರು. ಮೊದಲ ದಿನ ಅಪ್ಪನಿಗೂ ನನಗೂ ಚಹಾ ಕೊಟ್ಟು, ಬಾಡಿಗೆಯ ಮಾತಿಗಿಂತ ಮುಂಚೆ ಅವರು ಅಪ್ಪನಿಗೆ ಒಂದು ವಿಷಯ ಹೇಳಿದರು. ಅವರ ಹಿಂದಿಯನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಭಾಯಿ ಸಾಬ್, ಮನೆಯಲ್ಲಿ ಏನಾದರೂ ಕೆಟ್ಟದ್ದು ನಡೆದರೆ ಮೊದಲು ನನಗೆ ತಿಳಿಸಿ. ಇವಳಿಗೆ ನೇರವಾಗಿ ಹೇಳಬೇಡಿ. ಯಾವಾಗ ಹೇಳಬೇಕು, ಹೇಗೆ ಹೇಳಬೇಕು, ನಾನು ನೋಡಿಕೊಳ್ಳುತ್ತೇನೆ. ನನ್ನ ಯಜಮಾನರು ಹೋದಾಗ ನನಗೆ ಸುದ್ದಿ ಬಂದದ್ದು ಪಾಠ ಮಾಡುತ್ತಿರುವಾಗ. ಜವಾನ ಬಂದು ಬಾಗಿಲಲ್ಲಿ ನಿಂತು ಹೇಳಿಬಿಟ್ಟ. ಮಕ್ಕಳ ಮುಂದೆ ಬಿದ್ದೆ. ನನ್ನ ಹುಡುಗಿಯರಿಗೆ ಹಾಗಾಗಬಾರದು."

ಅಪ್ಪ ತಮ್ಮ ಬ್ಯಾಂಕಿನ ಹಿಂದಿಯಲ್ಲಿ "ಬಹುತ್ ಅಚ್ಛಾ ಜೀ, ಬಹುತ್ ಅಚ್ಛಾ" ಎಂದರು. ಕೈ ಮುಗಿದರು. ಆಟೋ ಹತ್ತುವಾಗ ನನಗೆ ಹೇಳಿದರು: "ತಾಯಿ ಥರ ಇದಾರೆ ಕಣಮ್ಮ. ಇನ್ನು ನನಗೆ ಯೋಚನೆ ಇಲ್ಲ."

ಆ ಮನೆಯಲ್ಲಿ ಯಾವುದಕ್ಕೂ ಯೋಚನೆ ಮಾಡಬೇಕಾಗಿರಲಿಲ್ಲ. ಊಟ ಹೊತ್ತಿಗೆ ಸರಿಯಾಗಿ, ಬಿಸಿಯಾಗಿ. ಎಲ್ಲ ಕೋಣೆಗೂ ಒಂದೇ ತಿಳಿಹಸಿರು ಪರದೆ. ಇಬ್ಬರು ಕಿತ್ತಾಡಿದರೆ ತಪ್ಪು ಯಾರದ್ದೆಂದು ಆಂಟಿ ಕೇಳುತ್ತಿರಲಿಲ್ಲ. ಸಂಜೆ ನಾವು ಬರುವಷ್ಟರಲ್ಲಿ ಅವರಲ್ಲಿ ಒಬ್ಬಳ ಹಾಸಿಗೆ, ಪೆಟ್ಟಿಗೆ, ಕನ್ನಡಿ ಎಲ್ಲ ಬೇರೆ ಕೋಣೆಗೆ ಹೋಗಿರುತ್ತಿದ್ದವು. ಮಡಿಸಿಟ್ಟ ಬಟ್ಟೆಯ ಮಡಿಕೆಯೂ ಕೆಟ್ಟಿರುತ್ತಿರಲಿಲ್ಲ. ಬೈಗುಳವಿಲ್ಲ, ವಿಚಾರಣೆಯಿಲ್ಲ. ಸ್ವಲ್ಪ ದಿನಕ್ಕೆ ಜಗಳಗಳೇ ನಿಂತವು. ರಾಜಿಯಾಗುವುದೂ ನಿಂತಿತು, ಯಾಕೆಂದರೆ ರಾಜಿಗೆ ಏನೂ ಉಳಿಯುತ್ತಿರಲಿಲ್ಲ.

ಫೋನು ಆಂಟಿಯ ಕೋಣೆಯಲ್ಲಿತ್ತು. ಮೊಬೈಲು ಇನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ಊರಿನಿಂದ ಕರೆ ಬಂದರೆ ಮೊದಲು ಆಂಟಿ ಮಾತಾಡುತ್ತಿದ್ದರು, ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ಮಾರುಕಟ್ಟೆಯಲ್ಲಿ ಎಸ್‌ಟಿಡಿ ಬೂತು ಇತ್ತು, ಹೋಗಬೇಡಿ ಎಂದು ಯಾರೂ ಹೇಳಿರಲಿಲ್ಲ. ಆದರೆ ಮನೆಯಲ್ಲೇ ಕೂತು ಮಾತಾಡುವಾಗ ಹೊರಗೆ ಯಾಕೆ ಹೋಗಬೇಕು?

ನನ್ನ ಕೋಣೆಯಲ್ಲಿದ್ದವಳು ಚಿತ್ರದುರ್ಗದ ಕಡೆಯವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಹಾಗಾಗಿ ನಾನು ಅಕ್ಕ ಎನ್ನುತ್ತಿದ್ದೆ. ಐಎಎಸ್ ಪರೀಕ್ಷೆಗೆ ಓದುತ್ತಿದ್ದಳು. ಅದು ಅವಳ ಕೊನೆಯ ಪ್ರಯತ್ನ. ಆಮೇಲೆ ಕೂರಲು ಅವಕಾಶವಿರಲಿಲ್ಲ. ಅವಳ ತಂದೆ ಪಶುವೈದ್ಯ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ತಾಯಿ ಮನೆಯಲ್ಲಿ. ಒಬ್ಬಳೇ ಮಗಳು.

ಅವಳಿಗೆ ನಾಲಿಗೆ ಚುರುಕು. "ನೋಡು, ಭಾರತ ಸರ್ಕಾರ ನಡೆಸೋಕೆ ಹೊರಟವಳು ನಾನು, ತೂತು ಬಿದ್ದಿರೋ ಪೇಪರ್ ಓದ್ತಿದೀನಿ" ಎನ್ನುತ್ತಿದ್ದಳು. ಲೈಬ್ರರಿಗೆ ಹೋಗಿ ಇಡೀ ಪತ್ರಿಕೆ ತೆಗೆದು, ಆಂಟಿ ಕತ್ತರಿಸಿದ ಜಾಗದಲ್ಲಿ ಏನಿತ್ತೆಂದು ನೋಡಿ ಬರುತ್ತಿದ್ದಳು. "ಇವತ್ತಿನ ಕಿಟಕಿಯಲ್ಲಿ ಒಂದು ದರೋಡೆ. ಬೆನ್ನಿಗೆ ಏನಿತ್ತು ಹೇಳು? ಗೋಧಿಯ ಬೆಂಬಲ ಬೆಲೆ. ಪರೀಕ್ಷೆಗೆ ಬರೋದು ಅದೇ ಕಣೇ."

ಖೀರಿನ ವಿಷಯ ನನಗೆ ತಿಳಿಸಿದವಳೂ ಅವಳೇ. ತಿಳಿಸಿದಳು ಎಂದರೆ ಪೂರ್ತಿ ಸರಿಯಲ್ಲ. ನಾನೂ ಕಂಡಿದ್ದೆ, ಅವಳು ಅದನ್ನು ಮಾತಿಗೆ ತಂದಳು.

ಹಬ್ಬದ ದಿನ ಎಲ್ಲರಿಗೂ ಖೀರು ಇರುತ್ತಿತ್ತು, ಅಡುಗೆಯವಳು ಮಾಡುತ್ತಿದ್ದಳು. ಹಬ್ಬವಿಲ್ಲದ ದಿನ, ಅಪರೂಪಕ್ಕೆ, ಆಂಟಿ ತಾವೇ ಅಡುಗೆಮನೆಗೆ ಹೋಗಿ ಹಾಲು ಇಡುತ್ತಿದ್ದರು. ಅಕ್ಕಿ ಕರಗುವವರೆಗೆ ಕಾಯಿಸಿ, ಏಲಕ್ಕಿ ಹಾಕಿ, ಒಂದೇ ಒಂದು ಸ್ಟೀಲ್ ಬಟ್ಟಲಲ್ಲಿ ತಂದು ಒಬ್ಬಳ ಮುಂದೆ ಇಡುತ್ತಿದ್ದರು. "ಖಾ ಲೇ ಬೇಟಾ, ಸೊರಗಿದ್ದೀಯ" ಎನ್ನುತ್ತಿದ್ದರು. ತಲೆ ಸವರುತ್ತಿದ್ದರು. ನಾನು ಬಂದ ಹೊಸದರಲ್ಲಿ ಪಟ್ನಾದ ಹುಡುಗಿಯೊಬ್ಬಳಿಗೆ ಹಾಗೆ ಬಟ್ಟಲು ಬಂತು. ಅವಳು ಖುಷಿಯಿಂದ ತಿಂದಳು, ನಮಗೆ ತೋರಿಸಿ ತೋರಿಸಿ ತಿಂದಳು. ಅವಳ ಪರೀಕ್ಷೆ ಮುಗಿದ ದಿನ ಆಂಟಿ ಕೋಣೆಗೆ ಕರೆದು ಹೇಳಿದರು, ಅವಳ ತಾತ ತೀರಿಕೊಂಡು ತಿಂಗಳ ಹತ್ತಿರವಾಗಿದೆ ಎಂದು. ಆಮೇಲೆ ಗುವಾಹಟಿಯವಳಿಗೆ ಬಂತು. ಅವಳ ಅಣ್ಣನಿಗೆ ಸ್ಕೂಟರ್ ಅಪಘಾತವಾಗಿ ಕಾಲು ತೆಗೆದಿದ್ದರು. ಅದೂ ಅವಳಿಗೆ ತಿಳಿದದ್ದು ಇಂಟರ್‌ವ್ಯೂ ಮುಗಿದ ಮೇಲೆ.

"ನೀನು ಗಮನಿಸಿದೀಯಾ?" ಎಂದು ಅಕ್ಕ ಒಂದು ಭಾನುವಾರ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಾ ಕೇಳಿದಳು.

"ಏನನ್ನ?"

"ನಾಟಕ ಆಡಬೇಡ. ಖೀರು."

ನಾನು ಹೂಂ ಎಂದೆ. ಅವಳು ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ತಂತಿಗೆ ಸಿಕ್ಕಿಸಿದಳು. "ಆಂಟಿಗೇ ಗೊತ್ತಿಲ್ಲ ಅನ್ಸತ್ತೆ, ತಾವು ಹಾಗೆ ಮಾಡ್ತೀವಿ ಅಂತ. ಪಾಪ, ಕರುಣೆ ಉಕ್ಕತ್ತೆ, ಹಾಲು ಇಡ್ತಾರೆ."

ಉಳಿದ ಹುಡುಗಿಯರಿಗೂ ಗೊತ್ತಿತ್ತು. ಇದು ನನಗೆ ಈಗಲೂ ಮೈ ಜುಮ್ಮೆನ್ನಿಸುವ ಸಂಗತಿ. ಯಾರೂ ಆ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಬಟ್ಟಲು ಒಬ್ಬಳ ಮುಂದೆ ಬಂದ ಕ್ಷಣದಿಂದ ಮನೆಯೆಲ್ಲ ಅವಳ ಬಗ್ಗೆ ಮೃದುವಾಗುತ್ತಿತ್ತು. ಬಚ್ಚಲಿಗೆ ಅವಳನ್ನು ಮೊದಲು ಬಿಡುತ್ತಿದ್ದರು. ಅವಳ ಕುರ್ತಾ ಯಾರೋ ಇಸ್ತ್ರಿ ಮಾಡಿರುತ್ತಿದ್ದರು. ಟಿವಿಯ ರಿಮೋಟು ಅವಳ ಕೈಗೆ ಬರುತ್ತಿತ್ತು. ಸಾವಿನ ಮನೆಯಲ್ಲಿ ಜನ ತೋರಿಸುವ ಮೃದುತನವೇ ಅದು. ಸತ್ತದ್ದು ಯಾರೆಂದು ಮಾತ್ರ ಯಾರಿಗೂ ಗೊತ್ತಿರುತ್ತಿರಲಿಲ್ಲ, ಆ ಹುಡುಗಿಗೆ ಕೂಡ.

ನವೆಂಬರಿನಲ್ಲಿ ಅಕ್ಕನ ಮುಖ್ಯ ಪರೀಕ್ಷೆ ಶುರುವಾಯಿತು. ಪೇಪರುಗಳ ನಡುವೆ ಬಿಡುವು ಕೊಟ್ಟು, ಮೂರು ವಾರ ಎಳೆಯುವಂಥ ಪರೀಕ್ಷೆ. ಸಂಜೆಯಾದರೆ ಕಾಲೊನಿಯ ಮೇಲೆ ಹೊಗೆ ಕೂರುತ್ತಿತ್ತು. ಎದುರಿನ ಪಾರ್ಕಿನ ದೀಪಗಳು ಕಂಬವಿಲ್ಲದೆ ತೇಲುವಂತೆ ಕಾಣುತ್ತಿದ್ದವು. ಮೊದಲ ಎರಡು ಪೇಪರ್ ಚೆನ್ನಾಗಾಗಿತ್ತು. ಮೂರನೆಯದಕ್ಕೆ ಮುಂಚೆ, ರಾತ್ರಿಯ ಊಟಕ್ಕೆ ಕೂತಾಗ ಅಡುಗೆಮನೆಯಿಂದ ಏಲಕ್ಕಿಯ ವಾಸನೆ ಬಂತು.

ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು. ನಾನು ತಟ್ಟೆ ನೋಡುತ್ತಾ ಕೂತೆ. ಆಂಟಿಯ ಚಪ್ಪಲಿಯ ಸದ್ದು ಮೇಜಿನ ಒಂದು ಬದಿಯಿಂದ ಸುತ್ತಿ ಬಂತು. ನನ್ನ ಹಿಂದೆ ನಿಧಾನವಾಯಿತು. ಚಪ್ಪಲಿ ಮುಂದೆ ಹೋಯಿತು. ಬಟ್ಟಲು ಅಕ್ಕನ ಮುಂದೆ ಕೂತಿತು.

"ಖಾ ಲೇ ಬೇಟಾ. ಇಡೀ ದಿನ ಓದು ಓದು. ಮುಖ ಎಷ್ಟು ಬಾಡಿದೆ ನೋಡು."

ಅಕ್ಕ ಬಟ್ಟಲು ನೋಡಿದಳು. ಚಮಚ ತೆಗೆದುಕೊಂಡಳು. ನಾವೆಲ್ಲ ಕೂತಿದ್ದಂತೆ ಪೂರ್ತಿ ತಿಂದಳು. "ಬಹುತ್ ಅಚ್ಛಾ ಬನಾ ಹೈ ಆಂಟಿ" ಎಂದಳು. ಮಲಯಾಳಿ ಹುಡುಗಿಯೊಬ್ಬಳು ಎದ್ದು ಅಕ್ಕನ ತಟ್ಟೆಯನ್ನೂ ಸೇರಿಸಿ ಎತ್ತಿಕೊಂಡು ಹೋದಳು.

ಕೋಣೆಗೆ ಬಂದ ಮೇಲೆ ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ಒಂದೇ ಮಾತು ಹೇಳಿದಳು. "ಅಮ್ಮ."

ದಸರಾದ ಹೊತ್ತಿಗೆ ಅವಳ ತಾಯಿ ಫೋನಿನಲ್ಲಿ ಹೊಟ್ಟೆನೋವು ಎಂದಿದ್ದರಂತೆ. ದಾವಣಗೆರೆಯಲ್ಲಿ ತೋರಿಸಿದೆವು, ಗ್ಯಾಸು ಅಂದರು ಎಂದಿದ್ದರಂತೆ. ಆಮೇಲಿನ ಎರಡು ಕರೆಯಲ್ಲಿ ತಂದೆ ಮಾತ್ರ ಮಾತಾಡಿದ್ದರು.

ಮರುದಿನ ಶನಿವಾರ. ಇಬ್ಬರೂ ಮಾರುಕಟ್ಟೆಯ ಬೂತಿಗೆ ಹೋದೆವು. ಗಾಜಿನ ಗೂಡಿನೊಳಗೆ ಅವಳ ಜೊತೆ ನಾನೂ ನಿಂತೆ. ರಿಸೀವರನ್ನು ಇಬ್ಬರ ಕಿವಿಗೂ ಕೇಳುವಂತೆ ಹಿಡಿದಳು. ತಂದೆ ತೆಗೆದರು. ದನಿ ಹಗುರವಾಗಿತ್ತು, ಸ್ವಲ್ಪ ಹೆಚ್ಚೇ ಹಗುರವಾಗಿತ್ತು.

"ಅಮ್ಮನಿಗೆ ಕೊಡಪ್ಪ."

"ಅಮ್ಮ ನಿನ್ ಚಿಕ್ಕಮ್ಮನ ಮನೆಗೆ ಹೋಗಿದಾಳೆ. ಬರ್ತಾಳೆ ನಾಲ್ಕು ದಿನ ಬಿಟ್ಟು."

"ಹುಷಾರಾಗಿದಾಳಾ?"

"ಆರಾಮಾಗಿದಾಳೆ. ನಿಂದು ಪೇಪರೆಲ್ಲ ಆಗಲಿ, ಆಮೇಲೆ ಆರಾಮಾಗಿ ಬಾ."

ಚಿಕ್ಕಮ್ಮನ ಮನೆಯಲ್ಲಿ ಫೋನಿರಲಿಲ್ಲ, ಪಕ್ಕದ ಅಂಗಡಿಗೆ ಮಾಡಿ ಕರೆಸಬೇಕು. ಅಕ್ಕ ಮಾಡಿದಳು. ಚಿಕ್ಕಮ್ಮ ಬರುವವರೆಗೆ ಕಾದೆವು. ಬಂದು ಅವರೆಂದರು: "ನಿಮ್ಮಮ್ಮ ಈಗ ತಾನೇ ದೇವಸ್ಥಾನಕ್ಕೆ ಹೋದಳು ಮಗಾ. ಪೇಪರೆಲ್ಲ ಆಗಲಿ, ಆಮೇಲೆ ಆರಾಮಾಗಿ ಬಾ." ಕೊನೆಗೆ ಊರಿನ ಎದುರುಮನೆಯ ಮೇಷ್ಟರಿಗೆ ಮಾಡಿದಳು. ಅವಳಿಗೆ ಅಕ್ಷರ ಕಲಿಸಿದವರಂತೆ, ಸುಳ್ಳು ಹೇಳಲಾರರಂತೆ. ಮೇಷ್ಟರು ಕೆಮ್ಮಿದರು. "ಪೇಪರೆಲ್ಲ ಆಗಲಮ್ಮ. ಆಮೇಲೆ ಆರಾಮಾಗಿ ಬಾ."

ಅಕ್ಕ ರಿಸೀವರ್ ಇಟ್ಟಳು. ಗಾಜಿನ ಮೇಲೆ ನಮ್ಮಿಬ್ಬರ ಉಸಿರು ಮಂಜಾಗಿ ಕೂತಿತ್ತು. ಮೂರು ಜನ, ಮೂರು ಮನೆ, ಮಾತು ಒಂದೇ. ನನಗೆ ಆ ಮಾತು ಮೊದಲೇ ಎಲ್ಲೋ ಕೇಳಿದ ಹಾಗಿತ್ತು. ಬೂತಿನಿಂದ ಹೊರಗೆ ಬರುವಾಗ ಗೊತ್ತಾಯಿತು. "ಪೇಪರ್ ಹೋ ಜಾನೇ ದೋ, ಫಿರ್ ಆರಾಮ್ ಸೇ ಆನಾ." ಪಟ್ನಾದ ಹುಡುಗಿ ರಾಖಿ ಹಬ್ಬಕ್ಕೆ ಊರಿಗೆ ಹೋಗಲೇ ಎಂದು ಕೇಳಿದಾಗ ಆಂಟಿ ಹೇಳಿದ್ದ ಮಾತು ಅದು. ಆಂಟಿ ಅದನ್ನು ಫೋನಿನಲ್ಲಿ ಅಕ್ಕನ ತಂದೆಗೆ ಕೊಟ್ಟಿದ್ದರು. ಅವರು ಅದನ್ನು ಕನ್ನಡ ಮಾಡಿ ಉಳಿದವರಿಗೆ ಹಂಚಿದ್ದರು.

"ಹೋಗ್ತೀನಿ" ಎಂದಳು ಅಕ್ಕ. "ಪರೀಕ್ಷೆ ಹೋದರೆ ಹೋಗಲಿ. ಇವರ ಬಾಯಿಂದ ನಿಜ ಬರಲ್ಲ. ಹೋಗಿಯೇ ನೋಡಬೇಕು."

"ಖೀರು ಬರೀ ಖೀರೇ ಆಗಿದ್ದರೆ?"

"ಅದೂ ಹೋಗಿಯೇ ನೋಡಬೇಕು."

ಸಂಜೆಯ ರೈಲಿಗೆ ರಿಸರ್ವೇಷನ್ ಸಿಗುವ ಮಾತೇ ಇರಲಿಲ್ಲ. ಜನರಲ್ ಡಬ್ಬಿಯಲ್ಲಿ ನಿಂತಾದರೂ ಹೋಗುತ್ತೇನೆ ಎಂದಳು. ಅವಳು ಚೀಲ ತುಂಬಿದಳು, ನಾನು ಪೂರಿ ಕಟ್ಟಿಸಿಕೊಂಡು ಬಂದೆ. ಸ್ಟೇಷನ್ನಿನವರೆಗೆ ಜೊತೆಗೆ ಹೋಗುವುದೆಂದು ಮಾತಾಗಿತ್ತು. ಇಬ್ಬರೂ ಮೆಟ್ಟಿಲಿಳಿದು ಬಂದಾಗ ಆಂಟಿ ಗೇಟಿನ ಪಕ್ಕದಲ್ಲಿ ತುಳಸಿಗೆ ನೀರು ಹಾಕುತ್ತಿದ್ದರು. ಚೀಲ ನೋಡಿದರು. ಚೊಂಬು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು. ಗೇಟಿನ ಚಿಲಕವನ್ನು ತಾವೇ ತೆಗೆದರು.

ನಾನು ಇದನ್ನು ನಿಧಾನವಾಗಿ ಬರೆಯಬೇಕು. ಆಮೇಲೆ ಎಷ್ಟೋ ಜನ ಇದನ್ನು ಕೇಳಿ, ಆ ಹೆಂಗಸು ಹುಡುಗಿಯನ್ನು ತಡೆದಳು ಎಂದೇ ತಿಳಿದುಕೊಂಡರು. ಆಂಟಿ ತಡೆಯಲಿಲ್ಲ. ಗೇಟು ತೆರೆದೇ ಇತ್ತು. ರಸ್ತೆಯಲ್ಲಿ ಸೈಕಲ್ ರಿಕ್ಷಾದವನು ನಮ್ಮನ್ನು ನೋಡಿ ನಿಲ್ಲಿಸಿದ್ದ.

"ಬೇಟಾ, ಹೋಗುವುದಾದರೆ ಹೋಗು" ಎಂದರು ಆಂಟಿ. "ಇದು ಜೈಲಲ್ಲ. ನಾನು ಸುಳ್ಳು ಹೇಳುವವಳೂ ಅಲ್ಲ. ನೀನು ಕೇಳಿಲ್ಲ, ನಾನು ಹೇಳಿಲ್ಲ. ಈಗ ಕೇಳು. ಏನಿದೆಯೋ ಅಷ್ಟನ್ನೂ ಹೇಳುತ್ತೇನೆ. ಇಲ್ಲೇ ಹೇಳುತ್ತೇನೆ. ಒಮ್ಮೆ ಹೇಳಿದ ಮೇಲೆ ವಾಪಸು ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ, ಅಷ್ಟೇ. ಸೋಮವಾರ ಪೇಪರು. ಕೇಳು."

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

ಮೆಟ್ಟಿಲ ಮೇಲೆ ಹುಡುಗಿಯರು ಬಂದು ನಿಂತಿದ್ದರು. ಅಕ್ಕ ಬಾಯಿ ತೆರೆದಳು. ನಾನು ಅವಳ ಮೊಣಕೈ ಹಿಡಿದಿದ್ದೆ, ಅದು ನಡುಗುತ್ತಿತ್ತು. ಕನ್ನಡದಲ್ಲಿ ಮೆಲ್ಲಗೆ, "ಕೇಳಿ ಅಕ್ಕ" ಎಂದೆ. ಅವಳು ರಸ್ತೆ ನೋಡಿದಳು. ಆಂಟಿಯ ಮುಖ ನೋಡಿದಳು. ನಾನು ಹಿಡಿದಿದ್ದ ಕೈಯ ನಡುಕ ಇದ್ದಕ್ಕಿದ್ದ ಹಾಗೆ ನಿಂತಿತು. ಕಾಯಿಲೆಯ ಮಗು ಜ್ವರ ಬಿಟ್ಟು ನಿದ್ದೆಗೆ ಜಾರುವಾಗ ಮೈ ಹೇಗಾಗುತ್ತದೋ ಹಾಗೆ ಸಡಿಲವಾಯಿತು.

"ರೆಹನೇ ದೀಜಿಯೇ ಆಂಟಿ" ಎಂದಳು, ಈಗ ಬೇಡ ಬಿಡಿ ಎಂದು. "ಪೇಪರ್ ಕೇ ಬಾದ್."

ಚೀಲ ಎತ್ತಿಕೊಂಡು ಮೇಲೆ ಹೋದಳು. ಹುಡುಗಿಯರು ಸರಿದು ದಾರಿ ಬಿಟ್ಟರು. ಒಬ್ಬಳು ಚೀಲ ಇಸಿದುಕೊಂಡಳು. ಆಂಟಿ ಗೇಟು ಹಾಕಿ ಮತ್ತೆ ಚೊಂಬು ಎತ್ತಿಕೊಂಡರು. ರಿಕ್ಷಾದವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಪೆಡಲ್ ತುಳಿದ.

ಮುಂದಿನ ದಿನಗಳು ಆ ಮನೆಯಲ್ಲಿ ನಾನು ಕಂಡ ಅತ್ಯಂತ ಶಾಂತವಾದ ದಿನಗಳು. ಅಕ್ಕ ಚೆನ್ನಾಗಿ ನಿದ್ದೆ ಮಾಡಿದಳು. ಮೊದಲು ನಡುರಾತ್ರಿ ಎದ್ದು ಕೂರುತ್ತಿದ್ದವಳು ಈಗ ಮಗ್ಗುಲೂ ಬದಲಿಸುತ್ತಿರಲಿಲ್ಲ. ಊಟ ಮಾಡಿದಳು, ಓದಿದಳು, ತಮಾಷೆ ಮಾಡುವುದೊಂದನ್ನು ಬಿಟ್ಟು ಎಲ್ಲ ಮಾಡಿದಳು. ನಾನು ಒಂದೆರಡು ಸಲ ಬೂತಿಗೆ ಹೋಗೋಣವೇ ಎಂದೆ. "ಯಾಕೆ?" ಎಂದು ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು. ನಾನೇ ಹೋಗಿ ಅವಳ ತಂದೆಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳಿದ ಕೂಡಲೇ ಅವರು, "ಅವಳಿಗೆ ಪೇಪರ್ ಹೇಗಾಗ್ತಿದೆಯಮ್ಮ?" ಎಂದರು. ಚೆನ್ನಾಗಾಗ್ತಿದೆ ಎಂದೆ. "ಅಷ್ಟೇ ಸಾಕು" ಎಂದರು. ಅವರ ಹಿಂದೆ ಯಾರೋ ನರಳುವುದು ಕೇಳಿದಂತಾಯಿತು. ಅದು ಟಿವಿಯೂ ಆಗಿರಬಹುದು. ಇವತ್ತಿಗೂ ನನಗೆ ಖಚಿತವಿಲ್ಲ. ಕೋಣೆಗೆ ಬಂದು ಅಕ್ಕನಿಗೆ ಹೇಳಿದೆ, ನಿಮ್ಮ ತಂದೆ ಜೊತೆ ಮಾತಾಡಿದೆ, ಹಿಂದೆ ಒಂದು ಸದ್ದು ಕೇಳಿತು ಎಂದು. ಅವಳು ಎರಡು ಕೈಯಿಂದಲೂ ಕಿವಿ ಮುಚ್ಚಿಕೊಂಡಳು. ಸಿಟ್ಟಿನಿಂದಲ್ಲ. ಚಳಿಗೆ ಮುಚ್ಚಿಕೊಳ್ಳುವ ಹಾಗೆ.

ಕೊನೆಯ ಪೇಪರು ಮುಗಿದ ದಿನ ಆಂಟಿ ಅವಳನ್ನು ಕೋಣೆಗೆ ಕರೆದರು. ರೈಲಿನ ಟಿಕೇಟು ಮೊದಲೇ ತರಿಸಿಟ್ಟಿದ್ದರು. ಒಳಗೆ ಏನು ಮಾತಾಯಿತೆಂದು ನನಗೆ ಗೊತ್ತಿಲ್ಲ. ಬೇಗ ಹೊರಗೆ ಬಂದಳು. ತಾಯಿ ತೀರಿಕೊಂಡಿದ್ದರು, ಹಿಂದಿನ ವಾರ. ಕಾರ್ಯವೂ ಅರ್ಧ ಮುಗಿದಿತ್ತು. ಅಕ್ಕ ಅಳಲಿಲ್ಲ. ತನ್ನ ಸ್ವೆಟರ್ ಎಲ್ಲಿ ಎಂದು ಕೇಳಿದಳು. ಅದು ಅವಳ ಮೈ ಮೇಲೇ ಇತ್ತು.

ಆ ಪರೀಕ್ಷೆಯಲ್ಲಿ ಅವಳು ಪಾಸಾದಳು, ಮುಂದೆ ಅಧಿಕಾರಿಯೂ ಆದಳು. ಇದನ್ನು ಹೇಳದೆ ಹೋದರೆ ಆಂಟಿಗೆ ಅನ್ಯಾಯವಾಗುತ್ತದೆ. ಪಟ್ನಾದವಳು ಪಾಸಾಗಿದ್ದಳು, ಗುವಾಹಟಿಯವಳಿಗೂ ಕೆಲಸ ಸಿಕ್ಕಿತ್ತು. ಆ ಮನೆಯಿಂದ ಯಾರೂ ಸೋತು ಹೋದದ್ದು ನನಗೆ ನೆನಪಿಲ್ಲ.

ಜನವರಿಯಲ್ಲಿ ಅಕ್ಕ ಪುಸ್ತಕಗಳನ್ನು ಒಯ್ಯಲು ಬಂದಳು. ಮಂಜು ಬಿದ್ದ ಮಧ್ಯಾಹ್ನ. ಆಂಟಿ ಅವಳನ್ನು ತಬ್ಬಿಕೊಂಡರು, ಅವಳು ಅವರ ಕಾಲು ಮುಟ್ಟಿದಳು. ಆಮೇಲೆ ನಾವಿಬ್ಬರೂ ಎದುರಿನ ಪಾರ್ಕಿಗೆ ಹೋದೆವು. ಬೆಂಚು ಒದ್ದೆಯಾಗಿತ್ತು, ನಿಂತೇ ಮಾತಾಡಿದೆವು.

"ಗೇಟಿನ ಹತ್ತಿರ ಆಂಟಿ ಕೇಳು ಅಂದ್ರಲ್ಲ, ಆವತ್ತು ಅಮ್ಮ ಇದ್ದಳು" ಎಂದಳು. ದನಿ ಸಪಾಟಾಗಿತ್ತು, ಬಸ್ಸಿನ ವೇಳೆ ಹೇಳುವ ಹಾಗೆ. "ದಾವಣಗೆರೆ ಆಸ್ಪತ್ರೇಲಿ. ಮಾತಾಡ್ತಿದ್ದಳಂತೆ. ಹೊರಟಿದ್ದರೆ ಸಿಗ್ತಿದ್ದಳು."

ನಾನು ಬೆಂಚಿನ ಮೇಲಿನ ನೀರನ್ನು ಅಂಗೈಯಿಂದ ಒರೆಸತೊಡಗಿದೆ.

"ದಿನಾ ಕೇಳ್ತಿದ್ದಳಂತೆ, ಮಗಳು ಯಾವಾಗ ಬರ್ತಾಳೆ ಅಂತ. ಅಪ್ಪ ಅವಳಿಗೂ ಅದನ್ನೇ ಹೇಳಿದಾರೆ. ಪೇಪರೆಲ್ಲ ಆಗಲಿ, ಆಮೇಲೆ ಆರಾಮಾಗಿ ಬರ್ತಾಳೆ. ಅಮ್ಮ ಹೂಂ ಅಂದಳಂತೆ. ಆಮೇಲೆ ಕೇಳೋದನ್ನೇ ಬಿಟ್ಟಳಂತೆ." ಆಂಟಿಯ ಮನೆಯ ಕಡೆ ನೋಡಿ ಹೇಳಿದಳು: "ಆಂಟಿ ಮೇಲೆ ಸಿಟ್ಟಿಲ್ಲ ಕಣೇ. ಅಪ್ಪನ ಮೇಲೂ ಇಲ್ಲ. ಬೇಡ ಅಂದವಳು ನಾನು. ಅಂದಾಗ ಎಷ್ಟು ಹಾಯಾಯ್ತು ಗೊತ್ತಾ? ಹುಟ್ಟಿದಾಗಿನಿಂದ ಅಷ್ಟು ಹಾಯಾಗಿರಲಿಲ್ಲ. ಈಗಲೂ ಹಾಗೇ ಇದೀನಿ. ಊರಲ್ಲಿ ಎಲ್ಲರೂ ಅಳ್ತಾರೆ, ನಾನು ಕೂತು ನೋಡ್ತೀನಿ. ಯಾವುದೋ ಊರಿನ ಸುದ್ದಿ ಅನ್ಸತ್ತೆ."

ಆಟೋ ಹತ್ತುವ ಮುಂಚೆ ತಿರುಗಿ ಹೇಳಿದಳು: "ನಿಮ್ಮಪ್ಪನಿಗೆ ಫೋನ್ ಮಾಡು. ಇವತ್ತೇ ಮಾಡು."

ಅವಳ ಆಟೋ ಮಂಜಿನಲ್ಲಿ ಮರೆಯಾದ ಮೇಲೆ ನಾನು ಮನೆಗೆ ಹೋಗದೆ ನೇರ ಬೂತಿಗೆ ಹೋದೆ.

"ಅಪ್ಪ, ಇನ್ನು ಮುಂದೆ ಏನಿದ್ದರೂ ನನಗೇ ಹೇಳಿ. ಆಂಟಿಗೆ ಹೇಳಬೇಡಿ."

"ಯಾಕಮ್ಮ? ಅವರೇನಾದರೂ ಅಂದರಾ?"

"ಇಲ್ಲ. ಒಳ್ಳೆಯವರೇ."

"ಮತ್ತೆ? ದೂರದಲ್ಲಿರೋಳು ನೀನು. ಕೆಲಸ ಹೊಸದು. ಯಾಕೆ ಸುಮ್ಮನೆ ಮನಸ್ಸಿಗೆ ನೋವು?"

"ಆಗಲಿ ಅಪ್ಪ. ನೋವಾಗಲಿ."

ತುಮಕೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ನಲ್ಲಿ ಸುರಿಯುವುದು ಕೇಳುತ್ತಿತ್ತು.

"ನೀವು ನನಗೆ ಹೇಳದೆ ಇರೋದು ಏನಾದರೂ ಇದೆಯಾ?"

ಅಪ್ಪ ಚಿಕ್ಕದರಿಂದ ಶುರುಮಾಡಿದರು. ನನ್ನ ತಮ್ಮ ಎರಡು ವಿಷಯದಲ್ಲಿ ಫೇಲಾಗಿದ್ದ. ಅಮ್ಮ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಈಗ ಕೂಡಿದೆ, ಆದರೆ ಹಿಟ್ಟು ನಾದಲು ಆಗುವುದಿಲ್ಲ. ನನ್ನನ್ನು ನೋಡಲು ಬರುತ್ತೇವೆ ಎಂದಿದ್ದ ಹುಡುಗನ ಕಡೆಯವರು ಬೇಡ ಎಂದು ಹೇಳಿ ಕಳಿಸಿದ್ದರು. ಒಂದೊಂದೂ ಚುಚ್ಚಿತು. ಒಂದೊಂದಾದ ಮೇಲೂ ನಾನು "ಇನ್ನೂ?" ಎಂದೆ. ಎಷ್ಟು ದಿನದಿಂದ ಹಸಿದಿದ್ದೆನೋ ಅಷ್ಟು ಆಸೆಯಿಂದ ಕೇಳುತ್ತಿದ್ದೆ.

"ನಿಮ್ಮಜ್ಜಿ" ಎಂದು ಅಪ್ಪ ನಿಲ್ಲಿಸಿದರು.

ಅಜ್ಜಿ ಎಂದರೆ ಅವರ ತಾಯಿ. ಪ್ರತಿ ಸಲ ಫೋನ್ ಇಡುವಾಗ ನಾನು ಅಜ್ಜಿಗೆ ಕೇಳಿದೆ ಅಂತ ಹೇಳಿ ಎನ್ನುತ್ತಿದ್ದೆ. ಅವರು ಹೇಳ್ತೀನಮ್ಮ ಎನ್ನುತ್ತಿದ್ದರು.

"ಯಾವಾಗ?"

"ಶ್ರಾವಣದಲ್ಲಿ." ಆಮೇಲೆ, ತಪ್ಪು ಮಾಡಿದ ಹುಡುಗನ ದನಿಯಲ್ಲಿ, "ನಿಮ್ಮ ಆಂಟಿಗೂ ಹೇಳಲಿಲ್ಲ. ಅವರಿಗೆ ಯಾಕೆ ತೊಂದರೆ ಅಂತ. ಅವರು ಹೇಗೆ ಮಾಡ್ತಾರೋ ಹಾಗೆ ನಾನೇ ಮಾಡಿದೆ. ದೀಪಾವಳಿಗೆ ಬಂದಾಗ ಹೇಳೋಣ ಅಂದ್ಕೊಂಡಿದ್ದೆ, ನಿನಗೆ ರಜ ಸಿಗಲಿಲ್ಲ."

ಶ್ರಾವಣದ ಆ ದಿನ ನಾನೇನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಈಗಲೂ ಆಗಾಗ ನೋಡುತ್ತೇನೆ. ಏನೂ ಸಿಗುವುದಿಲ್ಲ. ಸೂತಕದ ದಿನಗಳಲ್ಲಿ ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕು ತಿಂದಿರಬಹುದು, ಬಸ್ಸಿನಲ್ಲಿ ನಿದ್ದೆ ಮಾಡಿರಬಹುದು. ಅದು ನೆನಪಿಡಬೇಕಾದ ದಿನ ಎಂದು ನನಗೆ ಯಾರೂ ಹೇಳಿರಲಿಲ್ಲ.

ಬೂತಿನ ಹೊರಗೆ ಸರದಿಯಲ್ಲಿದ್ದ ಗಂಡಸೊಬ್ಬರು ಗಾಜು ತಟ್ಟಿದರು. ನಾನು ಬೆನ್ನು ತಿರುಗಿಸಿದೆ.

"ಬೆಳಗ್ಗೆಯಿಂದ ಹೇಳಿ ಅಪ್ಪ" ಎಂದೆ. "ಆವತ್ತು ಬೆಳಗ್ಗೆ ಅಜ್ಜಿ ಎದ್ದಾಗಿನಿಂದ. ಏನೂ ಬಿಡಬೇಡಿ."

"ಎಲ್ಲ ಹೇಳಲಾ?" ಎಂದು ಅಪ್ಪ ಕೇಳಿದರು. ಐದು ತಿಂಗಳು ತಾಯಿಯ ಸಾವನ್ನು ಮಗಳಿಂದ ಮುಚ್ಚಿಟ್ಟುಕೊಂಡು ನಡೆದಾಡಿದ ಮನುಷ್ಯ. ಅವರಿಗೂ ಅದು ಎಷ್ಟು ಭಾರವಾಗಿತ್ತೆಂದು ಆ ಎರಡು ಪದಗಳಲ್ಲಿ ಕೇಳಿಸಿತು.

"ಎಲ್ಲ" ಎಂದೆ.

"ಬೆಳಗ್ಗೆ ಕಾಫಿ ಸಪ್ಪೆಯಾಗಿದೆ ಅಂತ ಬೈದರು ಕಣಮ್ಮ" ಎಂದು ಅಪ್ಪ ಶುರುಮಾಡಿದರು.